ಮುರಕಲ್ಲಿನ ತೂಕ

ಅಮ್ಮತ್ತಿಯ ಕಲ್ಲುಕೋರೆಯಿಂದ ತಂದ ಮುರಕಲ್ಲನ್ನು
ಕರಿಮೆಣಸು ತೂಗುವ ತಕ್ಕಡಿಗೇರಿಸಿ
ಬೀಪಾತು ಬರೆದಳು: ಒಣಕಲ್ಲು, ಹನ್ನೊಂದು ಕಿಲೋ ನೂರು.

ನೀರಿಗಿಳಿಸಿದೆವು. ಕಲ್ಲು ಚುಸ್ಸೆಂದಿತು.
ಎಷ್ಟೊಂದು ಗುಳ್ಳೆ! ಎಲ್ಲೋ ಹೊಕ್ಕ ನೀರು
ಇನ್ನೆಲ್ಲೋ ಗಾಳಿಯನ್ನು ಹೊರಗಟ್ಟುತ್ತಿತ್ತು.

ನನ್ನ ಕೆಲಸ ದೂರದ್ದು:
ಚಿಮಣಿಯ ಅನಿಲವನ್ನು ಪಾತಾಳದ ಮರಳುಗಲ್ಲಿಗೆ,
ಅಲ್ಲಿನ ಉಪ್ಪುನೀರಿನ ನಡುವೆ ಒತ್ತುವ ಲೆಕ್ಕ.
ಹಗುರ ಅದು, ಸದಾ ಮೇಲಕ್ಕೇ ಮನಸ್ಸು.
ಅಗಲದ ಸಂದು ಕಂಡಲ್ಲಿ ಬೆರಳು ಚಾಚುತ್ತದೆ,
ಜೇಡಿಕಲ್ಲಿನ ಮುಚ್ಚಳ ತಲೆಗೆ ತಾಗುವವರೆಗೆ.

'ಮುಚ್ಚಳ ಬಿರಿದರೆ?'
ಆಲಿಕುಟ್ಟಿ ಕೇಳಿದ. ಮೂವತ್ತು ವರ್ಷ ಕಲ್ಲು ಕಡಿದವ.
ನಾನು ಗುಳ್ಳೆ ಎಣಿಸುತ್ತಿದ್ದೆ.

ಬೆಳಿಗ್ಗೆ ಸದ್ದಿಲ್ಲ.
ಹನ್ನೆರಡು ಕಿಲೋ ಮುನ್ನೂರು.
ತುಂಬಿತು, ಎಂದಳು ಬೀಪಾತು.
ಹಂಡೆಯಲ್ಲಿ ಅದೇ ಕಲ್ಲನ್ನು ಕುದಿಸಿ,
ಅದೇ ನೀರಲ್ಲಿ ಆರಲು ಬಿಟ್ಟು
ಸಂಜೆ ಮತ್ತೆ ತೂಗಿದೆವು: ಇನ್ನೂರು ಗ್ರಾಂ ಹೆಚ್ಚು.

ಅಂದರೆ ರಾತ್ರಿಯಿಡೀ
ಇನ್ನೂರು ಗ್ರಾಂ ನೀರಿನ ಜಾಗ ಹಿಡಿದು
ಗಾಳಿ ಒಳಗೇ ಕೂತಿತ್ತು,
ಮುಚ್ಚಳವೇ ಇಲ್ಲದ, ಮೈಯೆಲ್ಲ ತೂತಿನ ಈ ಕಲ್ಲಲ್ಲಿ.
ಬೆನ್ನಟ್ಟಿ ಬಂದ ನೀರೇ ಇಕ್ಕಟ್ಟಿನಲ್ಲಿ ಅದರ ಕತ್ತು ಹಿಸುಕಿ
ಹನಿ ಹನಿ ಗಾಳಿಯಾಗಿ ತುಂಡರಿಸಿ
ಒಂದೊಂದನ್ನೂ ಒಂಟಿ ಮಾಡಿತ್ತು.

'ಹಾಗಾದರೆ ಇಲ್ಲೇ ತುಂಬಬಹುದಲ್ಲ?'
ಇಲ್ಲ ಆಲಿಕ್ಕ, ಈ ಕೆಂಪು ಬರೀ ಮೇಲುಹೊದಿಕೆ,
ಕೊಡಗಿನ ಕೆಳಗೆ ಕರಿಬಂಡೆ, ಅದಕ್ಕೆ ಹೊಟ್ಟೆಯಿಲ್ಲ.

ಅವನು ಬೀಡಿ ಹಚ್ಚಿ, ಹೊಗೆ ಬಿಟ್ಟು,
ಅದು ಹೋದ ಕಡೆ ನೋಡಿದ.
'ಅಲ್ಲಿ, ನೀವು ತುಂಬುವಲ್ಲಿ,
ಯಾರೂ ಕುದಿಸದಿದ್ದರೆ ಸಾಕು.'

ಬೀಪಾತು ಮೆಣಸಿನ ಪುಸ್ತಕದಲ್ಲಿ
ಗಾಳಿ, ಇನ್ನೂರು ಗ್ರಾಂ ಎಂದು ಬರೆದು
ದರದ ಜಾಗ ಖಾಲಿ ಬಿಟ್ಟಳು.