ಕಾರಣದ ಕಾಲಂ

ಪುಯೆರ್ತೊ ಲೆಂಪೀರದ ಆಸ್ಪತ್ರೆಯಲ್ಲಿ
ದಾಖಲೆ ಕೋಣೆಗೆ ಒಂದೇ ಕಿಟಕಿ.
ಅದರಾಚೆ ಹಿನ್ನೀರು, ಹಿನ್ನೀರಿನಾಚೆ ಕಡಲು.
ನಾನು ಕೂರುವುದು ಕಡಲಿಗೆ ಬೆನ್ನು ಮಾಡಿ,
ರೋಗಗಳಿಗೆ ನಂಬರು ಹಾಕುತ್ತ.

ಇವತ್ತಿನ ಮೂರನೇ ಫೈಲು ಸೆಲ್ವಿನ್ ಬೆನ್ಲಿಸ್‌ನದು.
ವಯಸ್ಸು ಮೂವತ್ತೊಂದು. ಒಂಬತ್ತು ವರ್ಷ ಲಾಬ್‌ಸ್ಟರಿಗೆ ಮುಳುಗಿದವನು,
ದಿನಕ್ಕೆ ಹನ್ನೆರಡು ಸಿಲಿಂಡರು, ನೂರಿಪ್ಪತ್ತು ಅಡಿ.
ಇದೆಲ್ಲ ಫೈಲಿನಲ್ಲಿಲ್ಲ,
ಹೊರಗೆ ಬೆಂಚಿನ ಮೇಲಿದೆ, ಊರುಗೋಲು ಹಿಡಿದು.

ಎರಡು ವರ್ಷದ ಹಿಂದಿನ ಎಕ್ಸ್‌ರೇ ಶುಭ್ರ.
ಎಲುಬು ಸತ್ತದ್ದು ಎಲುಬಿಗೇ ಗೊತ್ತಿರಲಿಲ್ಲ.
ತೊಡೆಯ ಮೂಳೆಯ ತಲೆ, ಸೊಂಟದ ಬಟ್ಟಲಲ್ಲಿ ಕೂತ ಗುಂಡು;
ಅದಕ್ಕೆ ನೆತ್ತರು ಹೋಗುವ ದಾರಿ ದಾರದಷ್ಟೇ.
ಗಾಳಿ ಮುಗಿದು ದಡಬಡ ಮೇಲೆ ಬಂದವನ ಮೈಯಲ್ಲಿ
ರಕ್ತ ಸೋಡಾದಂತೆ ನೊರೆತು
ಗುಳ್ಳೆಯೊಂದು ಅಲ್ಲಿ ಅಡ್ಡ ಕೂತರೆ
ಮುಗಿಯಿತು.

ಈ ಸಲದ ಚಿತ್ರದಲ್ಲಿ ಗೆರೆಯೊಂದು ಕಾಣಿಸಿದೆ,
ಬಿದಿಗೆ ಚಂದ್ರನ ಹಾಗೆ, ಮೂಳೆಯ ತೊಗಟೆಯಡಿ.
ಚಂದ ಇದೆ ಅಂತ ಅನಿಸಿ ನಾಚಿಕೆಯಾಯಿತು.
ಮುಂಚೆ ಬಂದಿದ್ದರೆ ಬೈರಿಗೆ ಹಾಕಿ ಒತ್ತಡ ಇಳಿಸಿ
ರಕ್ತಕ್ಕೆ ಬೇರೆ ದಾರಿ ತೋಡಬಹುದಿತ್ತಂತೆ.
ಈಗ ಗುಂಡು ಕುಸಿದಿದೆ. ಕಿತ್ತು ಲೋಹದ್ದು ಕೂರಿಸಬೇಕು,
ಲಾ ಸೇಯ್ಬಾದಲ್ಲಿ. ದುಡ್ಡು?

ಡಾಕ್ಟರು ಬರೆದದ್ದು ಇಷ್ಟು: ಬಲ ಸೊಂಟ, ಎಲುಬಿನ ಸಾವು.
ಯಾಕೆ ಸತ್ತಿತು, ಬರೆದಿಲ್ಲ.
ಬರೆಯದ್ದನ್ನು ನಾನು ಊಹಿಸುವ ಹಾಗಿಲ್ಲ,
ನನ್ನ ಕೆಲಸದ ಮೊದಲ ಪಾಠ.
ಕಾರಣದ ಕಾಲಂ ಖಾಲಿಯಿದ್ದರೆ ಎಂ 87.0,
ತಾನಾಗಿ ಸತ್ತದ್ದು, ಯಾರ ತಪ್ಪೂ ಅಲ್ಲ.
ಕಡಲಿನ ಒತ್ತಡ ಎಂದಿದ್ದರೆ ಎಂ 90.3,
ಜೊತೆಗೆ ಟಿ 70.3.
ಎರಡರ ನಡುವೆ ಒಂದು ದೋಣಿ, ಅದರ ಯಜಮಾನ.

ನಿನ್ನೆ ಅವನ ಗುಮಾಸ್ತ ಬಂದಿದ್ದ, ಬ್ರೆಡ್ಡಿನ ಪೊಟ್ಟಣ ಹಿಡಿದು.
'ಕುಡೀತಾನಲ್ಲ ಇವನು?
ಕುಡಿತಕ್ಕೂ ಎಲುಬು ಸಾಯುತ್ತಂತೆ, ಓದಿದ್ದೇನೆ.'
ಅವನು ಓದಿದ್ದು ಸುಳ್ಳಲ್ಲ.
ಸೆಲ್ವಿನ್ ಕುಡಿಯುವುದೂ ಸುಳ್ಳಲ್ಲ.
ಬ್ರೆಡ್ಡನ್ನು ನಾವು ತಿಂದೆವು.

ಸೆಲ್ವಿನ್ ಹೇಳುವುದೇ ಬೇರೆ:
'ಲಿವಾ ಮೈರಿನ್, ನೀರಿನ ಹೆಂಗಸು.
ಅವಳ ಆಸ್ತಿ ಕದ್ದೆ, ಅವಳು ಕಾಲು ಅಡವಿಟ್ಟುಕೊಂಡಳು.
ನಿನ್ನ ಪುಸ್ತಕದಲ್ಲಿ ಅವಳಿಗೆ ನಂಬರಿದೆಯಾ?'
ತಮಾಷೆಯಲ್ಲ, ಪುಟ ತಿರುವಿ ಹುಡುಕಿದೆ.
ಸಿಡಿಲಿಗಿದೆ, ಮೊಸಳೆ ಕಚ್ಚಿದ್ದಕ್ಕಿದೆ.
ಅವಳಿಗಿಲ್ಲ.
'ಇರಲಿ ಬಿಡು,' ಅಂದ. 'ಈಗ ಎಡಗಡೆಯೂ ನೋಯುತ್ತೆ, ರಾತ್ರಿ.'

ಫೈಲು ಹಿಡಿದು ಡಾಕ್ಟರ್ ಇರಿಯಾರ್ತೆಯ ಬಾಗಿಲಿಗೆ ಹೋದೆ.
ಸಾಲಿನಲ್ಲಿ ನಲವತ್ತು ಜನ, ಒಂದು ಅಳುವ ಮಗು.
'ಒಂದು ಪದ ಬೇಕು ಡಾಕ್ಟರ್.'
'ಯಾವ ಪದ? ಹೇಳು, ಬರೀತೀನಿ.'
ಪದ ನಾನು ಹೇಳುವ ಹಾಗಿಲ್ಲ,
ಅದು ಎರಡನೇ ಪಾಠ. ಬಾಯಿಗೆ ಬಂದದ್ದನ್ನು ನುಂಗಿ
'ಇವನ ಕಸುಬು ಏನು, ಡಾಕ್ಟರ್?' ಅಂತ ಕೇಳಿದೆ.

ಅವರು ಕನ್ನಡಕ ಏರಿಸಿ, ಬಾಗಿಲಾಚೆ
ಬೆಂಚಿನ ಕಡೆ ನೋಡಿದರು. ತುಂಬ ಹೊತ್ತು.
ಆಮೇಲೆ ಕಾಲಂಗೆ ಪೆನ್ನು ಊರಿದರು.
ಶಾಯಿ ಇಳಿಯಲಿಲ್ಲ.
ಒದರಿದರು.
ಮತ್ತೊಮ್ಮೆ ಒದರಿದರು.