ಸೂಲಗಿತ್ತಿಯ ಜೀಪು

ಹನ್ನೊಂದಕ್ಕೆ ಬೆಳಕು, ನಾಲ್ಕಕ್ಕೆ ಮತ್ತೆ ಕತ್ತಲು.
ಐಸ್‌ಲ್ಯಾಂಡಿನ ತೆಂಕಣ ದಡದಲ್ಲಿ ಜನವರಿ ಎಂದರೆ
ಗ್ಯಾರೇಜಿನ ಟ್ಯೂಬ್‌ಲೈಟೇ ಸೂರ್ಯ,
ಅದೂ ಮಿಣುಕಿ ಮಿಣುಕಿ, ಮನಸ್ಸು ಬಂದರೆ.

ಅದರಡಿ ನಿಂತಿದೆ ಅಮ್ಮನ ರಷ್ಯನ್ ಜೀಪು,
ನಾಲ್ಕು ದಿಮ್ಮಿಗಳ ಮೇಲೆ, ಗಾಲಿ ಕಳಚಿಕೊಂಡು,
ಹಲ್ಲುಸೆಟ್ಟು ತೆಗೆದಿಟ್ಟ ಮುದುಕಿಯಂತೆ
ನನ್ನನ್ನೇ ನೋಡುತ್ತ.

ಉಜ್ಜಿದರೆ ಮೊದಲು ಕೆಂಪು, ಕೆಂಪಿನಡಿ ನೀಲಿ,
ನೀಲಿಯಡಿ, ಹಡಗಿನಿಂದ ಇಳಿದ ದಿನದ ಹಸಿರು.
ಉಪ್ಪು ಮೀನಿನ ದುಡ್ಡಲ್ಲಿ ಕೊಂಡ ಗಾಡಿ;
ಉಪ್ಪು ತನ್ನ ಬಾಕಿ ನಿಧಾನಕ್ಕೆ ವಸೂಲು ಮಾಡಿದೆ.
ನೆಲದ ತಗಡೆಲ್ಲ ಜರಡಿ.
ಸೀಟಿನಡಿ ಒತ್ತಿದರೆ ಬೆರಳು ತೂರಿ
ಕೆಳಗಿನ ಕತ್ತಲನ್ನು ಮುಟ್ಟಿ ಬರುತ್ತದೆ.

ಅಮ್ಮ ಗ್ರೋವಾ, ಮೂರು ನದಿಗಳ ನಡುವೆ ಒಬ್ಬಳೇ ಸೂಲಗಿತ್ತಿ.
ಸೇತುವೆ ಇಲ್ಲದ ಕಾಲ. ಫ್ಯಾನ್ ಬೆಲ್ಟು ಬಿಚ್ಚಿ,
ಇಂಜಿನ್ನಿಗೆ ಗೋಣಿತಾಟು ಹೊದಿಸಿ
ಹಿಮ ಕರಗಿದ ನೀರಿಗೆ ಇಳಿಸುತ್ತಿದ್ದಳು,
ಸಾಕಿದ ಕುದುರೆಯನ್ನು ಬಿಟ್ಟಷ್ಟು ಸಲೀಸಾಗಿ.

ಸ್ಪ್ರಿಂಗಿನ ಬೋಲ್ಟೊಂದು ಮೂರು ದಿನದಿಂದ ಜಗ್ಗದು.
ಸ್ಪ್ಯಾನರಿಗೆ ಪೈಪು ತೊಡಿಸಿ ಜೋತುಬಿದ್ದೆ. ಬೈದೆ:
ಹಂದಿ, ಕತ್ತೆ, ತೆರಿಗೆಯವನ ಮಗನೇ.
ಜಗ್ಗಲಿಲ್ಲ.
ಹೆರುವವರಿಗೆ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು:
"ಅವಸರವಿಲ್ಲ ಮಗಳೇ. ಬಿಸಿ ಇಡೋಣ, ಎಣ್ಣೆ ಸವರೋಣ.
ಬರಬೇಕು ಅಂತ ಅದಕ್ಕೇ ಅನ್ನಿಸಲಿ."
ಬಿಸಿ ಇಟ್ಟೆ. ಎಣ್ಣೆ ಬಿಟ್ಟೆ. ಕಾಫಿ ಕುಡಿದೆ.
ಕಿರ್ರೆಂದು ಅತ್ತು ಕಾಲು ಸುತ್ತು ತಿರುಗಿತು,
ಆಮೇಲೆ ಮುರಿಯಿತು.
ಅಮ್ಮನ ಮಾತೂ ಎಲ್ಲ ಸಲ ಫಲಿಸಿದ್ದಲ್ಲ.

ತಗಡು ಬೆಸೆಯಲು ಬಂದವನು ಏವಿಂದುರ್,
ಅರವತ್ತೆರಡರ ಆಳು, ಗಡ್ಡದಲ್ಲಿ ಕಿಡಿ ಸುಟ್ಟ ಬೋಳು.
ಇದೇ ಜೀಪಿನ ಹಿಂದಿನ ಬೆಂಚಿನ ಮೇಲೆ,
ಹೋಲ್ಮ್‌ಸಾ ನದಿಯ ಎರಡು ಕವಲುಗಳ ನಡುವೆ
ಜಲ್ಲಿದಿಣ್ಣೆಯಲ್ಲಿ ಹುಟ್ಟಿದವನು.
"ಹುಟ್ಟಿದೂರಿಗೆ ತೇಪೆ ಹಾಕಲು
ಕೂಲಿ ಎಷ್ಟು ಕೇಳಲಿ ಹೇಳು," ಎಂದು ನಗುತ್ತ
ಮುಖವಾಡ ಇಳಿಸಿದ. ಗೋಡೆಗೆ ನೀಲಿ ಹಾರಿತು.

ಬೆನ್ನು ತಿರುಗಿಸಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ.
ಒಳಗೆ ರೋಟರ್.
ಹೆಬ್ಬೆರಳಷ್ಟು ಕಂದು ಬೇಕಲೈಟು, ತುದಿಗೊಂದು ಹಿತ್ತಾಳೆ ನಾಲಗೆ.
ಅದಿಲ್ಲದಿದ್ದರೆ ಜೀಪು ಬರೀ ಕಬ್ಬಿಣ.
ಒಂಬತ್ತು ವರ್ಷದವಳಿಗೂ ಗೊತ್ತಿತ್ತು.
ಇದೂ ಗೊತ್ತಿತ್ತು: ರಾತ್ರಿ ಫೋನು ಬಡಿದರೆ ಅಮ್ಮ
ಬೇರೆ ಯಾರದೋ ಮಗುವಿನ ಕಡೆ ಹೊರಡುತ್ತಾಳೆ.

ಒಂದು ಮಾರ್ಚಿನ ಸಂಜೆ ಅದನ್ನು ಕಳಚಿ
ಉಣ್ಣೆ ಕಾಲುಚೀಲದೊಳಗೆ ಇಟ್ಟು ಮಲಗಿದೆ.
ಅಮ್ಮ ಸ್ಟಾರ್ಟರ್ ಒತ್ತಿದಳು, ಹ್ಯಾಂಡಲು ತಿರುವಿದಳು,
ಟಾರ್ಚು ಕಚ್ಚಿಕೊಂಡು ಬಾನೆಟ್ಟಿನಡಿ ತಡಕಿದಳು.
ನಾನು ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡೆ.
ಸವೆದ ಹಳೆಯದೊಂದು ಡಬ್ಬಿಯ ತಳದಲ್ಲಿ ಸಿಕ್ಕಾಗ
ಎರಡು ಗಂಟೆ ಕಳೆದಿತ್ತು.
ಆಸ್ಪತ್ರೆ ಮುಟ್ಟಬೇಕಿದ್ದ ಹೆಂಗಸು
ನದಿಯ ನಡುವೆಯೇ ಬೆಂಚು ಹಿಡಿದಳು.

"ನೀನು ದಿಣ್ಣೆಯಲ್ಲಿ ಹುಟ್ಟಿದ್ದು ನನ್ನಿಂದ," ಎಂದೆ,
ಹೇಗೆಂದೂ ಹೇಳಿದೆ.
ವೆಲ್ಡಿಂಗಿನ ಸದ್ದಿಗೆ ಕೇಳಿಸದಿರಲಿ ಎಂದೇ
ಆ ಹೊತ್ತು ಆರಿಸಿದ್ದೆ.
ಕಿಡಿ ನಿಂತಿತು. ಮುಖವಾಡ ಎತ್ತಿ
ಬಹಳ ಹೊತ್ತು ಬೆಂಚನ್ನೇ ನೋಡಿದ.
"ನಮ್ಮಮ್ಮ ಸಾಯುವ ತನಕ ನದಿಗೆ ಬೈಯುತ್ತಿದ್ದಳು," ಎಂದ.
"ಪಾಪ, ನದಿ."
ಮತ್ತೆ ಮುಖವಾಡ ಇಳಿಸಿದ. ಇನ್ನೂ ಒಂದು ಗೇಣು ಬಾಕಿಯಿತ್ತು.

ನಾಲಗೆ ತಿಕ್ಕಿ, ಒರೆಸಿ, ರೋಟರನ್ನು ಜಾಗಕ್ಕೆ ಕೂರಿಸಿದೆ.
ಇಂಜಿನ್ ಇವತ್ತು ಹತ್ತುವುದಿಲ್ಲ, ಈ ತಿಂಗಳೂ ಇಲ್ಲ;
ಕಾರ್ಬ್ಯುರೇಟರು ಅಡಿಗೆಮನೆ ಮೇಜಿನ ಮೇಲೆ
ಬ್ರೆಡ್ಡಿನ ಪಕ್ಕ ಹದಿನೇಳು ತುಂಡಾಗಿ ಕೂತಿದೆ.
ಆದರೂ ಮಲಗುವ ಮುಂಚೆ ಎರಡು ಸಲ
ಹಿಮ ತುಳಿದುಕೊಂಡು ಹೋಗಿ
ಮುಚ್ಚಳ ತೆಗೆದು ನೋಡಿ ಬಂದೆ.
ಇತ್ತು.