ಬರಿಗಾಡಿಯ ತೂಕ

ರಾತ್ರಿ ಪಾಳಿ. ಮಂಡ್ಯದ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ
ನಾನು, ಒಂದು ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ,
ಲೈಬ್ರರಿಯಿಂದ ತಂದ ದಪ್ಪ ಕಾದಂಬರಿ.
ಎರಡು ಸಲ ರಿನ್ಯೂ ಆಗಿದೆ, ಇನ್ನೂ ಅರ್ಧದಲ್ಲಿದ್ದೇನೆ.
ಅರ್ಧವೆಂದು ಹೇಳುವುದಾದರೂ ಹೇಗೆ?
ಮರುಬೈಂಡು ಮಾಡಿದವನು ಅಂಚು ಕತ್ತರಿಸುವಾಗ
ಪುಟಸಂಖ್ಯೆಗಳನ್ನೂ ಕತ್ತರಿಸಿಬಿಟ್ಟಿದ್ದಾನೆ.

ಮೊದಲ ಅಧ್ಯಾಯದಲ್ಲೇ ಚಿಕ್ಕತಾಯಿ ನಾಲೆಗೆ ಬಿದ್ದು ಸತ್ತಳು.
ಮೂರನೆಯದರಲ್ಲಿ ಅವಳಿಗೆ ಒಂಬತ್ತು ವರ್ಷ,
ಹುಣಿಸೆಹಣ್ಣು ಕದ್ದು, ಲಂಗದಲ್ಲಿ ತುಂಬಿಕೊಂಡು
ನಾಲೆಯ ಏರಿಯ ಮೇಲೇ ಓಡುತ್ತಿದ್ದಾಳೆ.
ನಿಲ್ಲು ಅಂದೆ. ಗಟ್ಟಿಯಾಗಿಯೇ ಅಂದಿರಬೇಕು,
ತೂಕಕ್ಕೆ ನಿಂತಿದ್ದ ಎತ್ತುಗಳು ಕತ್ತೆತ್ತಿದವು.

ನಾಲ್ವರು ಹೇಳುತ್ತಾರೆ ಕತೆಯನ್ನು.
ಅಕ್ಕ ನಿಂಗಾಜಮ್ಮ ಹೇಳುವಾಗ ಆವತ್ತು ಹಾಲಿನಂಥ ಬೆಳದಿಂಗಳು.
ನೀರಗಂಟಿ ಮರಿಯಯ್ಯ ಹೇಳುವಾಗ ಗವ್ವೆನ್ನುವ ಕತ್ತಲು,
ತೂಬಿನ ಬೀಗದ ಕೈ ನನ್ನ ಉಡಿದಾರದಲ್ಲೇ ಇತ್ತೆಂದು ಆಣೆ ಇಡುತ್ತಾನೆ.
ಇಂಜಿನಿಯರ ಡೈರಿಯಲ್ಲಿ ತಾರೀಕು ಉಂಟು, ಗಂಟೆ ಉಂಟು,
ಹರಿದ ನೀರು ಇಂತಿಷ್ಟು ಕ್ಯೂಸೆಕ್ ಎಂದುಂಟು,
ಹುಡುಗಿಯೇ ಇಲ್ಲ.
ನಾಲ್ಕನೆಯವಳು ಸತ್ತವಳೇ.
ಅವಳು ತೂಬಿನ ಸುದ್ದಿಯನ್ನೇ ಎತ್ತುವುದಿಲ್ಲ.
ನೀರಿನಡಿಯಿಂದ ನೋಡಿದೆ,
ಸೇತುವೆಯ ಮೇಲೆ ಯಾರದೋ ಬೀಡಿ ಕೆಂಪಗಿತ್ತು,
ಅಷ್ಟೇ ಅನ್ನುತ್ತಾಳೆ.

ಹಾಳಾದ ತೂಕದ ಚೀಟಿಗಳ ಬೆನ್ನಿಗೆ ಬರೆದಿಟ್ಟುಕೊಂಡೆ:
ಯಾರು, ಯಾವ ವರ್ಷ, ಆಗ ಬೇವಿನಮರ ಇತ್ತೋ, ಕಡಿದಿದ್ದರೋ.
ಮರವೇ ನನ್ನ ಪಂಚಾಂಗ.
ಮರ ಇದ್ದರೆ ಅವಳೂ ಇದ್ದಾಳೆ ಎಂದುಕೊಂಡಿದ್ದೆ.
ನಿನ್ನೆ ಒಂದು ಪುಟದಲ್ಲಿ ಮರವೂ ಇತ್ತು, ಅವಳ ತಿಥಿಯೂ ಇತ್ತು.
ಎರಡು ಚೀಟಿ ಹರಿದು ಹಾಕಿದೆ.
ಬರೆದವರ ಆಟವೋ ಬೈಂಡರನ ಎಡವಟ್ಟೋ
ದಾರ ಬಿಚ್ಚದೆ ತಿಳಿಯುವುದಿಲ್ಲ;
ಬಿಚ್ಚಿದರೆ ಲೈಬ್ರರಿಯವರು ದಂಡ ಹಾಕುತ್ತಾರೆ.

ಎರಡೂವರೆಗೆ ಕೀಲಾರದ ಹೊಂಬಾಳಯ್ಯನ ಗಾಡಿ.
"ಏನವ್ವಾ, ಪರೀಕ್ಸೆಗಾ ಓದ್ತಿರದು?"
ಸಾಲು ಕದಲುವ ತನಕ ಕತೆ ಹೇಳಿದೆ, ನೇರ ಮಾಡಿ,
ಹುಟ್ಟಿದಳು ಬೆಳೆದಳು ಬಿದ್ದಳು ಎಂದು.
ಮೂರು ನಿಮಿಷಕ್ಕೆ ಮುಗಿದುಹೋಯಿತು.
ನನಗೇ ನಾಚಿಕೆ,
ರಸ ಎಲ್ಲೋ ಸುರಿದು ಸಿಪ್ಪೆ ಕೈಗಿಟ್ಟ ಹಾಗೆ.

ಮಿಣಿ ಬಿಗಿಯುತ್ತ ಅಂದ:
"ತೂಬು ಎತ್ತಿದೋನು ಯಾವನಾರ ಆಗ್ಲಿ ಬುಡು.
ಮಾತಾಡಕ್ಕೆ ಬಂದೋರೆಲ್ಲ ಹೇರ್ಕೊಂಡೇ ಬಂದವ್ರೆ.
ಬರಿಗಾಡೀಲಿ ಯಾವಾಗ ತಿರುಗ್ತಾರೆ, ಅದ ನೋಡು.
ದಿನಾ ಕಳೆಯೋಳು ನೀನೇ ಅಲ್ವಾ?"

ಗಾಡಿ ಒಳಗೆ ಹೋಯಿತು. ಅವನ ಚೀಟಿಯಲ್ಲಿ
ಹೇರಿನ ತೂಕ ಮಾತ್ರ ತುಂಬಿದೆ.

ಹಿಂದಕ್ಕೆ ತಿರುವಿದೆ. ಕಾಕಂಬಿಯ ವಾಸನೆ ಪುಟಪುಟಕ್ಕೂ.
ನಿಂಗಾಜಮ್ಮ ಎಲ್ಲೋ ಒಂದು ಕಡೆ, ಮುದುಕಿಯಾದ ಮೇಲೆ,
ಪೇಟೆಬೀದಿಯ ಅಂಗಡಿಯಲ್ಲಿ ರವಿಕೆ ಕಣ ಕೇಳುತ್ತ
ಎರಡು ಕೊಡಪ್ಪಾ ಅನ್ನುತ್ತಾಳೆ, ತಡೆದು, ಒಂದೇ ಸಾಕು ಅನ್ನುತ್ತಾಳೆ.
ಮೊದಲ ಸಲ ಓದುವಾಗ ಇದನ್ನು ಚೌಕಾಸಿ ಎಂದುಕೊಂಡು ದಾಟಿದ್ದೆ.
ಮರಿಯಯ್ಯ ಮೊಮ್ಮಗನ ನಾಮಕರಣದಲ್ಲಿ, ಯಾರೋ ಕಡ್ಡಿ ಗೀರಿದಾಗ,
ಬ್ಯಾಡ ಮಾರಾಯ, ಬೀಡಿ ಬಿಟ್ಟು ಹನ್ನೊಂದು ವರ್ಷ ಆಯ್ತು.

ಹನ್ನೊಂದು ವರ್ಷ. ಎಲ್ಲಿಂದ ಎಣಿಸಲಿ?
ಆ ಪುಟದಲ್ಲಿ ಮರದ ಮಾತಿಲ್ಲ.

ಬೆಳಗಿನ ಜಾವ ಬರಿಗಾಡಿ ತಾನಾಗಿಯೇ ಬಂದು ತಟ್ಟೆಯ ಮೇಲೆ ನಿಂತಿತು.
ಎತ್ತುಗಳಿಗೆ ದಾರಿ ಗೊತ್ತು.
ಹೊಂಬಾಳಯ್ಯ ಮೇಲೆ ಮಗ್ಗುಲಾಗಿ ಮಲಗಿದ್ದ, ಮುಖಕ್ಕೆ ಟವೆಲು.
ಹೇರು ತೂಗುವಾಗ ಕೆಳಗಿಳಿದು ನಿಂತಿದ್ದವನು;
ಈಗ ಹೀಗೇ ಬರೆದರೆ ಅವನ ತೂಕದಷ್ಟು ಕಬ್ಬು ಅವನಿಗೇ ಖೋತಾ.

ಕಿಟಕಿಯಿಂದ ಕೂಗಿದೆ: ಅಣ್ಣಾ, ಇಳಿ.
ಏಳಲಿಲ್ಲ.
ಹಿಂದೆ ಟ್ರ್ಯಾಕ್ಟರು ಹಾರನ್ನು ಹೊಡೆಯತೊಡಗಿತು.
ಪುಟದ ನಡುವೆ ಬೆರಳಿಟ್ಟುಕೊಂಡೇ ಎದ್ದು
ಹೊರಗೆ ಹೋದೆ, ಎಬ್ಬಿಸಲು.